ವಸಂತದ ತೋಟದಲ್ಲಿ ಶ್ರಾವಕ: ಸವಿಯುವುದು ದೋಷವೇ?

ಶಿಶಿರದ ಎಲೆಯುದುರುವ ಕಾಲ ಮುಗಿದು ಚೈತ್ರಮಾಸವು ಕಾಲಿಡುತ್ತಿದ್ದಂತೆ ಹಳ್ಳಿಮನೆಯ ತೋಟವು ಬೇರೆಯೇ ಒಂದು ಲೋಕವಾಗುತ್ತದೆ. ಮಾವಿನ ಹೂವು ಮಿಡಿಯಾಗಿ ತೂಗುತ್ತದೆ. ಹೊಂಗೆಯು ಎಳೆಹಸುರಿನ ತಳಿರನ್ನು ತೊಡುತ್ತದೆ. ಸುರಗಿ, ರೆಂಜೆ, ಸಂಪಿಗೆಗಳ ಕಂಪು ಅಂಗಳವನ್ನು ದಾಟಿ ಜಗಲಿಯವರೆಗೆ ಬರುತ್ತದೆ. ನಸುಕಿನಲ್ಲಿಯೇ ಕೋಗಿಲೆಯ ದನಿ ಮನೆಯವರನ್ನು ಎಬ್ಬಿಸುತ್ತದೆ. ಪಟ್ಟಣಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ಪರೀಕ್ಷೆಗಳನ್ನು ಮುಗಿಸಿ ಹಿರಿಯರ ಮನೆಗೆ ಬಂದಿಳಿಯುವ ಕಾಲವೂ ಇದೇ ಆಗಿದೆ. ಇಂತಹ ವೇಳೆಯಲ್ಲಿ ಧರ್ಮಭೀರುವಾದ ಗೃಹಸ್ಥನ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡುವುದು ಸಹಜ. ಐದು ಇಂದ್ರಿಯಗಳಿಗೂ ಏಕಕಾಲದಲ್ಲಿ ಔತಣವನ್ನಿಕ್ಕುವ ಈ ಋತುವನ್ನು ಮನಸಾರೆ ಸವಿಯುವುದು ದೋಷವೇ? ರಾಗದ್ವೇಷಗಳೇ ಬಂಧಕ್ಕೆ ಕಾರಣವೆಂದು ಬಾಲ್ಯದಿಂದ ಕೇಳುತ್ತ ಬಂದವನು ಹೂವಿನ ಮುಂದೆ ನಿಂತು ಹಿಗ್ಗಬಹುದೇ?

ಈ ಪ್ರಶ್ನೆಗೆ ಅವಸರದ ಉತ್ತರಗಳು ಎರಡಿವೆ. ತ್ಯಾಗಪ್ರಧಾನವಾದ ಧರ್ಮಕ್ಕೂ ಸೌಂದರ್ಯಕ್ಕೂ ಸಂಬಂಧವಿಲ್ಲ, ಹೂವನ್ನು ಕಂಡು ಹಿಗ್ಗುವ ಮನಸ್ಸು ಸಂಸಾರದಲ್ಲಿಯೇ ತೊಳಲುವ ಮನಸ್ಸು ಎಂಬುದು ಮೊದಲನೆಯದು. ತೋಟದಲ್ಲಿ ಅಡ್ಡಾಡುವುದರಲ್ಲಿ ಯಾರಿಗೂ ನೋವಿಲ್ಲ, ಇದು ನಿರಪಾಯವಾದ ಸಂತೋಷ, ಇಲ್ಲಿ ಧರ್ಮಾಧರ್ಮಗಳ ವಿಚಾರವೇ ಅನಾವಶ್ಯಕ ಎಂಬುದು ಎರಡನೆಯದು. ಪರಸ್ಪರ ವಿರುದ್ಧವಾಗಿ ತೋರಿದರೂ ಇವೆರಡರಲ್ಲಿಯೂ ಒಂದೇ ಕೊರತೆಯಿದೆ. ಎರಡೂ ತೋಟವನ್ನು ಕಣ್ತೆರೆದು ನೋಡಿಲ್ಲ. ಮೊದಲನೆಯದು ಅಲ್ಲಿನ ಚೆಲುವನ್ನು ಕಾಣದು. ಎರಡನೆಯದು ಅಲ್ಲಿನ ಜೀವಗಳನ್ನು ಕಾಣದು.

ಪುರಾಣಗಳಲ್ಲಿ ವಸಂತ

ಮೊದಲನೆಯ ಉತ್ತರವನ್ನು ಜೈನ ಪುರಾಣಪರಂಪರೆಯೇ ಒಪ್ಪುವುದಿಲ್ಲ. ಕನ್ನಡದ ಆದಿಕವಿ ಪಂಪನು 941ರಲ್ಲಿ ರಚಿಸಿದ ಆದಿಪುರಾಣವು ಧರ್ಮವನ್ನೂ ಕಾವ್ಯಧರ್ಮವನ್ನೂ ಜೊತೆಜೊತೆಯಾಗಿ ನಡೆಸಿಕೊಂಡು ಹೋದ ಕೃತಿ. ತೀರ್ಥಂಕರರ ಚರಿತೆಯನ್ನು ಹೇಳಹೊರಟ ಕವಿಗಳು ಋತುಗಳನ್ನೂ ವನಗಳನ್ನೂ ವರ್ಣಿಸಲು ಹಿಂಜರಿಯಲಿಲ್ಲ. ಸಮವಸರಣದ ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷವು ಒಂದಾದರೆ ಪುಷ್ಪವೃಷ್ಟಿಯು ಇನ್ನೊಂದು. ನೇಮಿನಾಥಸ್ವಾಮಿಯು ದೀಕ್ಷೆಯನ್ನು ಕೈಕೊಂಡದ್ದು ಊರ್ಜಯಂತಗಿರಿಯ ಸಹಸ್ರಾಮ್ರವನದಲ್ಲಿ, ಅಂದರೆ ಸಾವಿರ ಮಾವುಗಳ ತೋಪಿನಲ್ಲಿ. ಮಹಾವೀರಸ್ವಾಮಿಗೆ ಕೇವಲಜ್ಞಾನವು ಉದಿಸಿದ್ದು ಋಜುಕೂಲಾ ನದಿಯ ತೀರದಲ್ಲಿ, ಶಾಲವೃಕ್ಷದ ಕೆಳಗೆ. ಆ ದಿನ ವೈಶಾಖ ಶುಕ್ಲ ದಶಮಿ. ಸ್ವಾಮಿಯ ಜನ್ಮದಿನವಾದ ಚೈತ್ರ ಶುಕ್ಲ ತ್ರಯೋದಶಿಯೂ, ಹಸ್ತಿನಾಪುರದಲ್ಲಿ ಶ್ರೇಯಾಂಸರಾಜನು ವೃಷಭಸ್ವಾಮಿಗೆ ಕಬ್ಬಿನ ರಸದ ಆಹಾರದಾನವನ್ನಿತ್ತ ಅಕ್ಷಯತೃತೀಯೆಯೂ ವಸಂತದ ಎರಡು ಮಾಸಗಳಲ್ಲಿಯೇ ಬರುತ್ತವೆ. ಪುಣ್ಯತಿಥಿಗಳನ್ನು ಇಷ್ಟು ಧಾರಾಳವಾಗಿ ಹೊತ್ತು ತರುವ ಋತುವನ್ನು ಶ್ರಾವಕನು ಮುಖ ತಿರುಗಿಸಿ ಕಳೆಯಬೇಕೆಂದು ಯಾವ ಆಚಾರ್ಯರೂ ವಿಧಿಸಿಲ್ಲ.

ಆದರೆ ಪುರಾಣಗಳು ವಸಂತದ ವರ್ಣನೆಯಲ್ಲಿಯೇ ನಿಲ್ಲುವುದೂ ಇಲ್ಲ. ಹನ್ನೊಂದನೆಯ ತೀರ್ಥಂಕರರಾದ ಶ್ರೇಯಾಂಸನಾಥರ ವೈರಾಗ್ಯಕ್ಕೆ ಪರಂಪರೆಯು ಹೇಳುವ ನಿಮಿತ್ತವು ಬಹು ಮಾರ್ಮಿಕವಾದುದು. ಯುದ್ಧವೂ ಅಲ್ಲ, ಮೃತ್ಯುವೂ ಅಲ್ಲ, ಸಿಡಿಲೂ ಅಲ್ಲ. ವಸಂತದ ವನಲಕ್ಷ್ಮಿಯು ಅಳಿದುಹೋದುದನ್ನು ಕಂಡು ಅವರ ಮನಸ್ಸು ಮರುಳಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವನದ ಚೆಲುವನ್ನು ನೋಡಿಯೇ ಇರದಿದ್ದವನಿಗೆ ಅದರ ಅಳಿವು ಏನನ್ನೂ ಕಲಿಸಲಾರದು. ಇರುವಾಗ ಕಂಡವನಿಗೆ ಮಾತ್ರ ಇಲ್ಲದಾದಾಗ ಅನಿತ್ಯತೆಯು ಅರ್ಥವಾಗುತ್ತದೆ. ಕಣ್ಮುಚ್ಚಿ ಕುಳಿತವನ ನಿರ್ಲಕ್ಷ್ಯವನ್ನು ವೈರಾಗ್ಯವೆಂದು ಕರೆಯಲಾಗದು.

ತೋಟದಲ್ಲಿ ಇರುವವರು ಯಾರು?

ಇನ್ನು ಎರಡನೆಯ ಉತ್ತರ. ತೋಟದಲ್ಲಿ ಅಡ್ಡಾಡುವುದರಲ್ಲಿ ಯಾರಿಗೂ ನೋವಿಲ್ಲ ಎಂಬ ಮಾತನ್ನು ಜೀವತತ್ತ್ವವನ್ನು ಬಲ್ಲವನು ಸುಲಭವಾಗಿ ಆಡಲಾರ. ಕಾಲ ಕೆಳಗಿನ ಮಣ್ಣು, ಪಾತಿಯ ನೀರು, ಬೀಸುವ ಗಾಳಿ, ಚಿಗುರಿದ ಎಲೆ ಇವೆಲ್ಲವೂ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಗಳ ಆಶ್ರಯಗಳು. ಮಣ್ಣಿನೊಳಗಿನ ಎರೆಹುಳುವಿಗೆ ಎರಡು ಇಂದ್ರಿಯಗಳು. ಮಾವಿನ ಕೊಂಬೆಯ ಮೇಲೆ ಸಾಲುಗಟ್ಟಿದ ಇರುವೆಗೆ ಮೂರು. ಹೂವಿಂದ ಹೂವಿಗೆ ಹಾರುವ ದುಂಬಿಗೆ ನಾಲ್ಕು. ಅದರ ಮೇಲಿನ ಕೊಂಬೆಯ ಹಕ್ಕಿಗೆ ಐದು. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಜೀವವಿಭಾಗವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕಾದರೆ ವಸಂತದ ತೋಟಕ್ಕಿಂತ ತಕ್ಕ ಸ್ಥಳವಿಲ್ಲ. ಉಳಿದ ಕಾಲದಲ್ಲಿ ಮರೆಯಲ್ಲಿರುವ ಜೀವಗಳೂ ಈ ಋತುವಿನಲ್ಲಿ ಗೂಡು ಕಟ್ಟಿ, ಮರಿಮಾಡಿ, ಬೆಳಕಿಗೆ ಬರುತ್ತವೆ. ಆದ್ದರಿಂದಲೇ ಮನುಷ್ಯನಿಗೆ ಉಲ್ಲಾಸದ ಕಾಲವಾದ ವಸಂತವು ಅಹಿಂಸಾವ್ರತಿಗೆ ಎಚ್ಚರದ ಕಾಲವೂ ಹೌದು.

ಹಾಗೆಂದು ಗೃಹಸ್ಥನಿಗೆ ಮುನಿಧರ್ಮವನ್ನು ಹೊರಿಸಲಾಗಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ ಅವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿಯೂ ಉಳಿದವುಗಳನ್ನು ಶಕ್ತ್ಯನುಸಾರವಾಗಿಯೂ ಬಿಡಬೇಕೆಂದು ಶ್ರಾವಕನಿಗೆ ಹೇಳಲಾಗಿದೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಲೋಕಕ್ಕೆ ಕಲಿಸಿದವರು ಸಾಕ್ಷಾತ್ ವೃಷಭಸ್ವಾಮಿಯೇ. ಪಾತಿ ಮಾಡುವುದು, ಕಳೆ ಕೀಳುವುದು, ನೀರುಣಿಸುವುದು ಗೃಹಸ್ಥನ ಬಾಳಿನಲ್ಲಿ ಸೇರಿದ ಕೆಲಸಗಳು. ಪ್ರಶ್ನೆಯಿರುವುದು ಕೆಲಸದಲ್ಲಲ್ಲ. ಯಾವುದು ಅಗತ್ಯ, ಯಾವುದು ಬರಿಯ ಚಪಲ ಎಂಬ ವಿವೇಕದಲ್ಲಿದೆ.

ಒಂದು ಮನೆಯ ಪ್ರಸಂಗ

ಈ ವಿವೇಕವು ಎಷ್ಟು ಕಠಿಣವೆಂಬುದನ್ನು ತಿಳಿಯಲು ಕಾರ್ಕಳ ಸೀಮೆಯ ಒಂದು ಶ್ರಾವಕ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ವಿಶಾಲವಾದ ಅಂಗಳ, ಅದರಾಚೆ ಅಡಿಕೆ ತೆಂಗಿನ ತೋಟ. ಅಂಗಳದ ಅಂಚಿನಲ್ಲಿ ಹಳೆಯದೊಂದು ರೆಂಜೆಯ ಮರ. ಮನೆಯಲ್ಲಿ ವರ್ಷವಿಡೀ ಇರುವವರು ವಯಸ್ಸಾದ ತಾಯಿ ಮತ್ತು ತೋಟವನ್ನು ನೋಡಿಕೊಳ್ಳುವ ಆಳು. ಮಗನು ಮುಂಬಯಿಯಲ್ಲಿ ಉದ್ಯೋಗಿ. ಮಹಾವೀರ ಜಯಂತಿಯ ಮರುದಿನ ಮನೆಯಲ್ಲಿ ಪೂಜೆಯನ್ನಿಟ್ಟುಕೊಂಡು ಬಂಧುಗಳನ್ನೆಲ್ಲ ಕರೆದು, ರೆಂಜೆಯ ನೆರಳಿನಲ್ಲಿ ಎಲೆ ಹಾಕಿ ಊಟಕ್ಕೆ ಕೂರಿಸಬೇಕೆಂಬುದು ಅವನ ಬಹುದಿನದ ಆಸೆ. ನಾಲ್ಕು ದಿನ ಮೊದಲೇ ಬಂದು ನೋಡಿದರೆ ಆ ಮರದ ಪೊಟರೆಯಲ್ಲಿ ತುಡುವೆ ಜೇನು ಗೂಡು ಕಟ್ಟಿದೆ.

ಮಗನ ಚಿಂತೆ ಕ್ಷುಲ್ಲಕವಾದುದಲ್ಲ. ಬರುವವರಲ್ಲಿ ಚಿಕ್ಕ ಮಕ್ಕಳಿದ್ದಾರೆ. ಅವನದೇ ಮಗಳಿಗೆ ಹಿಂದೊಮ್ಮೆ ಜೇನು ಕಚ್ಚಿ ಮುಖವೆಲ್ಲ ಊದಿ ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಔಷಧಿ ಹೊಡೆಸಿದರೆ ಅರ್ಧ ಗಂಟೆಯ ಕೆಲಸವೆಂದು ಊರಿನ ಒಬ್ಬಾತ ಹೇಳಿದ. ತಾಯಿ ಒಪ್ಪಲಿಲ್ಲ. "ಮಹಾವೀರ ಸ್ವಾಮಿಯ ಹೆಸರಿನಲ್ಲಿ ಎಲೆ ಹಾಕುವುದು, ಅದಕ್ಕೆ ಮೊದಲು ಒಂದು ಗೂಡನ್ನೇ ಸುಟ್ಟ ಹಾಗಾಗುತ್ತದೆ ಮಗಾ" ಎಂದರು. ಮಗನು ಇನ್ನೊಂದು ದಾರಿಯನ್ನು ಸೂಚಿಸಿದ. ಜೇನು ಸಾಕುವವರನ್ನು ಕರೆಸಿದರೆ ಗೂಡನ್ನು ಪೆಟ್ಟಿಗೆಗೆ ಇಳಿಸಿ ಜೀವಂತವಾಗಿಯೇ ಒಯ್ಯುತ್ತಾರೆ, ಒಂದು ನೊಣವೂ ಸಾಯಬೇಕಿಲ್ಲ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಯ್ದ ಮೇಲೆ ಜೇನು ತೆಗೆಯುತ್ತಾರಲ್ಲವೇ? ಮಧುತ್ಯಾಗ ಮಾಡಿದ ಮನೆಯಿಂದಲೇ ಹಿಟ್ಟು ಹಾಕಿ ಕಳುಹಿಸಿದ ಹಾಗಾಯಿತು" ಎಂದು ಕೇಳಿದರು. ಮಗನಿಗೆ ಬೇಸರವಾಯಿತು. "ಅಮ್ಮಾ, ಹಾಗೆ ನೋಡಿದರೆ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ನಾಳೆ ಮಗುವಿಗೆ ಏನಾದರೂ ಆದರೆ ಆ ಪಾಪ ಯಾರಿಗೆ?" ಎಂದನು.

ಈ ಮಾತಿಗೆ ತಾಯಿಯ ಬಳಿ ಶಾಸ್ತ್ರವಾಕ್ಯವಿರಲಿಲ್ಲ. ಮಗುವನ್ನು ಕಾಯುವುದು ತಂದೆಯ ಧರ್ಮವೆಂಬುದನ್ನು ಅವರು ಅಲ್ಲಗಳೆಯಲೂ ಇಲ್ಲ. ಸಂಜೆ ಅಂಗಳದಲ್ಲಿ ಅತ್ತಿತ್ತ ನಡೆದು ಅಳೆದು ನೋಡಿದರು. ಮನೆಯ ಹಿಂಬದಿಯ ಚಿಕ್ಕ ಅಂಗಳದಲ್ಲಿ ಚಪ್ಪರ ಹಾಕಬಹುದು, ಆದರೆ ಅಲ್ಲಿ ಎಲ್ಲರೂ ಒಮ್ಮೆಗೇ ಕೂರಲಾರರು, ಎರಡು ಪಂಕ್ತಿ ಮಾಡಬೇಕಾಗುತ್ತದೆ. ರೆಂಜೆಯ ಮರದ ಸುತ್ತ ದೂರದಿಂದಲೇ ಹಗ್ಗ ಕಟ್ಟಿ ಮಕ್ಕಳು ಹೋಗದಂತೆ ಆಳನ್ನು ನಿಲ್ಲಿಸಬೇಕು. ಆ ಕಡೆ ರಾತ್ರಿ ದೀಪ ಹಾಕಬಾರದು, ಹೊಗೆಯೂ ಆಗಬಾರದು. ಮಗನು ಅರೆಮನಸ್ಸಿನಿಂದಲೇ ಒಪ್ಪಿದನು. ಅವನು ಕಲ್ಪಿಸಿಕೊಂಡಿದ್ದ ನೆರಳಿನ ಊಟ ಆಗಲಿಲ್ಲ. ಚಪ್ಪರದಡಿ ಸೆಕೆಯಿತ್ತು. ಎರಡನೆಯ ಪಂಕ್ತಿಯವರು ಕಾಯಬೇಕಾಯಿತು. ಒಬ್ಬಿಬ್ಬರು ಗೊಣಗಿದರು. ಅಷ್ಟು ಮಾತ್ರ.

ಈ ಪ್ರಸಂಗದಲ್ಲಿ ಪವಾಡವೇನೂ ಇಲ್ಲ. ತಾಯಿಯೇ ಸರಿ, ಮಗನೇ ತಪ್ಪು ಎಂಬ ತೀರ್ಪನ್ನೂ ಇದು ಬೇಡುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದಲ್ಲಿ, ಮಗುವಿನ ಮಲಗುವ ಕೋಣೆಯ ಕಿಟಕಿಯಲ್ಲಿಯೇ ಗೂಡಿದ್ದಲ್ಲಿ, ನಿರ್ಧಾರವು ಬೇರೆಯಾಗಬಹುದಿತ್ತು. ಆಗ ಜೇನು ಸಾಕುವವನನ್ನು ಕರೆಸುವುದೇ ಕಡಿಮೆ ಹಿಂಸೆಯ ಮಾರ್ಗವಾಗುತ್ತಿತ್ತು. ಇಲ್ಲಿ ಮುಖ್ಯವಾದುದು ಪ್ರಶ್ನೆಯನ್ನು ಕೇಳಿದ ಕ್ರಮ. ಗೂಡನ್ನು ಹೇಗೆ ತೆಗೆಯುವುದು ಎಂದು ಮಗನು ಕೇಳಿದನು. ಊಟವನ್ನು ಎಲ್ಲಿಗೆ ಸರಿಸಬಹುದು ಎಂದು ತಾಯಿ ಕೇಳಿದರು. ಸರಿಯಬೇಕಾದವರು ಯಾರು ಎಂಬ ಈ ಒಂದು ಪ್ರಶ್ನೆಯಲ್ಲಿ ಅಣುವ್ರತದ ಬಹುಪಾಲು ಅಡಗಿದೆ. ಅತಿಥಿಗಳ ಒಂದು ಹೊತ್ತಿನ ಅನುಕೂಲವನ್ನೂ ಒಂದು ಗೂಡಿನ ಸಮಸ್ತ ಜೀವಿತವನ್ನೂ ತಕ್ಕಡಿಯಲ್ಲಿಟ್ಟು ನೋಡುವ ತಾಳ್ಮೆ ಅಲ್ಲಿತ್ತು.

ಲೇಶ್ಯಾವೃಕ್ಷದ ಬೋಧೆ

ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೋಮ್ಮಟಸಾರದಲ್ಲಿ ಷಡ್‌ಲೇಶ್ಯೆಗಳನ್ನು ತಿಳಿಸುವ ದೃಷ್ಟಾಂತವೊಂದಿದೆ. ಆ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿಯೇ ವೃತ್ತಿಯನ್ನು ಬರೆದುದರಿಂದ ಇದು ಈ ನಾಡಿನ ಶ್ರಾವಕರಿಗೆ ಹೊಸದಲ್ಲ. ಅನೇಕ ಬಸದಿಗಳಲ್ಲಿ ಇದರ ಚಿತ್ರವನ್ನೂ ಕಾಣಬಹುದು. ಹಸಿದ ಆರು ಮಂದಿ ದಾರಿಗರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಬುಡಸಹಿತ ಕಿತ್ತು ಹಣ್ಣು ತಿನ್ನೋಣವೆಂದು ಒಬ್ಬನು ಎಣಿಸುತ್ತಾನೆ. ಕಾಂಡವನ್ನು ಕಡಿಯೋಣವೆಂದು ಮತ್ತೊಬ್ಬನು, ದೊಡ್ಡ ಕೊಂಬೆಗಳನ್ನು ಮೂರನೆಯವನು, ಸಣ್ಣ ರೆಂಬೆಗಳನ್ನು ನಾಲ್ಕನೆಯವನು, ಬೇಕಾದ ಹಣ್ಣುಗಳನ್ನಷ್ಟೇ ಕೊಯ್ಯೋಣವೆಂದು ಐದನೆಯವನು. ತಾನಾಗಿ ನೆಲಕ್ಕೆ ಬಿದ್ದ ಹಣ್ಣುಗಳೇ ಸಾಕೆಂದು ಆರನೆಯವನು. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಮನಸ್ಸಿನ ಬಣ್ಣಗಳು ಇವು.

ಈ ದೃಷ್ಟಾಂತದಲ್ಲಿ ಎರಡು ಸಂಗತಿಗಳು ವಿಚಾರಾರ್ಹ. ಮೊದಲನೆಯದಾಗಿ, ಆರು ಮಂದಿಗೂ ಹಸಿವೆಯಿದೆ, ಆರು ಮಂದಿಯೂ ಹಣ್ಣನ್ನು ಬಯಸುತ್ತಾರೆ. ಶುಕ್ಲಲೇಶ್ಯೆಯವನು ಹಣ್ಣನ್ನು ನಿರಾಕರಿಸಿದವನಲ್ಲ. ಅವನೂ ತಿನ್ನುತ್ತಾನೆ, ಅವನಿಗೂ ಅದು ರುಚಿಸುತ್ತದೆ. ಸವಿಯುವುದೇ ದೋಷವಾಗಿದ್ದರೆ ದೃಷ್ಟಾಂತದಲ್ಲಿ ಮರವನ್ನು ನೋಡದೆ ಮುಂದೆ ನಡೆದ ಏಳನೆಯವನೊಬ್ಬನು ಇರಬೇಕಾಗಿತ್ತು. ಎರಡನೆಯದಾಗಿ, ಅಲ್ಲಿ ಯಾರೂ ಇನ್ನೂ ಮರವನ್ನು ಮುಟ್ಟಿಲ್ಲ. ಆರೂ ಮಂದಿ ಎಣಿಸುತ್ತಿದ್ದಾರೆ, ಅಷ್ಟೆ. ಕೊಡಲಿ ಎತ್ತುವ ಮೊದಲೇ ಮನಸ್ಸು ಬಣ್ಣ ತಳೆದಿದೆ. ತೋಟದಲ್ಲಿ ನಿಂತವನ ಸಂತೋಷವು ಯಾವ ಜಾತಿಯದೆಂಬುದು ಅವನು ಹೂವನ್ನು ನೋಡಿದಾಗ ಅವನ ಕೈ ಏನು ಮಾಡಬಯಸುತ್ತದೆ ಎಂಬುದರಿಂದ ತಿಳಿಯುತ್ತದೆ.

ತುಳುನಾಡಿನ ಮನೆಗಳಲ್ಲಿ ಏಪ್ರಿಲ್ ನಡುವಿನಲ್ಲಿ ಬರುವ ಬಿಸು ಹಬ್ಬದ ಕಣಿಯು ಇದಕ್ಕೆ ಹತ್ತಿರವಾದುದು. ತೋಟದ ಹಣ್ಣು ಕಾಯಿಗಳನ್ನು ಕನ್ನಡಿಯೊಡನೆ ಒಪ್ಪವಾಗಿ ಜೋಡಿಸಿಟ್ಟು ಬೆಳಗ್ಗೆ ಕಣ್ತೆರೆದೊಡನೆ ಅವನ್ನು ನೋಡುವುದು ಅಲ್ಲಿನ ವಾಡಿಕೆ. ಉಣ್ಣುವುದಕ್ಕೆ ಮೊದಲು ನೋಡುವುದು, ನೋಡಿ ಕೈಮುಗಿಯುವುದು. ನಾಲಗೆಗೂ ಕೈಗೂ ಮುಂಚಿನ ಸ್ಥಾನವನ್ನು ಕಣ್ಣಿಗೆ ಕೊಟ್ಟ ಈ ರೂಢಿಯಲ್ಲಿ ಸಂಯಮದ ಒಂದು ಎಳೆಯಿದೆ.

ಅನರ್ಥದಂಡವೂ ಭೋಗೋಪಭೋಗದ ಪರಿಮಾಣವೂ

ತೋಟದ ಸುಖವನ್ನು ವಿಮರ್ಶಿಸಲು ಶ್ರಾವಕನಿಗೆ ಒದಗಿಬರುವ ವ್ರತಗಳು ಮುಖ್ಯವಾಗಿ ಎರಡು. ಒಂದು ಅನರ್ಥದಂಡವಿರತಿ, ಇನ್ನೊಂದು ಭೋಗೋಪಭೋಗ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತ, ನಿಷ್ಪ್ರಯೋಜನವಾಗಿ ನೆಲವನ್ನಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಸಸ್ಯಗಳನ್ನು ಕತ್ತರಿಸುವುದು ಮೊದಲಾದವನ್ನು ಹೆಸರಿಸಿದ್ದಾರೆ. ನಡೆಯುತ್ತ ನಡೆಯುತ್ತ ಬೇಲಿಯ ಚಿಗುರನ್ನು ಚಿವುಟುವ ಕೈ, ಮಾತಾಡುತ್ತ ಕುಳಿತು ಹುಲ್ಲನ್ನು ಕೀಳುವ ಬೆರಳು, ಮುಡಿಯದ ಹೂವನ್ನು ಕೊಯ್ದು ಬಿಸಾಡುವ ಚಪಲ ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಇವುಗಳಿಂದ ಹೊಟ್ಟೆ ತುಂಬುವುದಿಲ್ಲ, ಸಂತೋಷವೂ ಹೆಚ್ಚುವುದಿಲ್ಲ. ಆದುದರಿಂದಲೇ ಆಚಾರ್ಯರು ಇದನ್ನು ಅನರ್ಥವೆಂದರು. ಮಾರ್ಚ್ ಕಳೆದು ಕರಾವಳಿಯ ಬಾವಿಗಳ ನೀರು ತಳಕ್ಕಿಳಿಯುವ ಕಾಲದಲ್ಲಿ, ನೆರೆಮನೆಯವರು ಕೊಡ ಹಿಡಿದು ಅಲೆಯುತ್ತಿರುವಾಗ, ಬರಿಯ ನೋಟಕ್ಕೆಂದು ಬೆಳೆಸಿದ ಹುಲ್ಲುಹಾಸಿಗೆ ಪಂಪು ಹಾಕಿ ನೀರು ಹಾಯಿಸುವುದೂ ಅಂತಹುದೇ. ಕುಡಿಯುವ ನೀರನ್ನು ಗಾಳಿಸಿ ಜೀವಗಳನ್ನು ಕಾಪಾಡುವ ಮನೆಯವರು ತೋಟದ ಕೊಳವೆಯಲ್ಲಿ ಹರಿದುಹೋಗುವ ನೀರನ್ನು ಮರೆಯಬಾರದು.

ಅದೇ ಗ್ರಂಥವು ಹಿಂಸಾದಾನವೆಂಬ ಇನ್ನೊಂದು ಅನರ್ಥವನ್ನು ಹೇಳುತ್ತದೆ. ಕೊಡಲಿ, ಕತ್ತಿ, ಬೆಂಕಿ, ವಿಷ ಮೊದಲಾದ ಕೊಲ್ಲುವ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಅದು. ಇದರ ಅರ್ಥವನ್ನು ಈ ಸೀಮೆಯು ನೋವಿನಿಂದಲೇ ಕಲಿತಿದೆ. ನೆರೆಯ ಕಾಸರಗೋಡು ಜಿಲ್ಲೆಯ ಗೇರುತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಗೇರು ಚಿಗುರಿ ಹೂಬಿಡುವಾಗ ಅದನ್ನು ಬಾಧಿಸುವ ಟೀ ಸೊಳ್ಳೆಯನ್ನು ಕೊಲ್ಲುವುದಷ್ಟೇ ಅದರ ಉದ್ದೇಶವಾಗಿತ್ತು. ಆ ಗ್ರಾಮಗಳಲ್ಲಿಯೂ ದಕ್ಷಿಣ ಕನ್ನಡದ ಕೆಲವು ಗ್ರಾಮಗಳಲ್ಲಿಯೂ ಅಂಗವೈಕಲ್ಯದಿಂದ, ಬುದ್ಧಿಮಾಂದ್ಯದಿಂದ ನರಳಿದ ಮಕ್ಕಳ ಸ್ಥಿತಿ ನಾಡಿನ ಕಣ್ಣು ತೆರೆಸಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷದ ಉತ್ಪಾದನೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. ಕೀಟವೊಂದನ್ನೇ ಗುರಿಯಾಗಿಸಿಕೊಂಡು ಎಸೆದ ವಿಷವು ಕೀಟದಲ್ಲಿಯೇ ನಿಲ್ಲುವುದಿಲ್ಲ. ಜೀವಗಳು ಪರಸ್ಪರ ಉಪಕಾರಿಗಳು ಎಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸಾರಿದುದರ ಇನ್ನೊಂದು ಮುಖವಿದು. ಉಪಕಾರದ ದಾರಿಯೇ ಅಪಕಾರದ ದಾರಿಯೂ ಆಗಿ, ಹೂವಿನಿಂದ ನೊಣಕ್ಕೆ, ಮಣ್ಣಿನಿಂದ ನೀರಿಗೆ, ನೀರಿನಿಂದ ಗರ್ಭಕ್ಕೆ ಅದು ಹರಿಯುತ್ತದೆ. ಮಾವಿನ ಒಂದೊಂದು ಗೊಂಚಲಿನಲ್ಲಿ ನೂರಾರು ಹೂಗಳಿದ್ದರೂ ಕಾಯಾಗುವುದು ಕೆಲವು ಮಾತ್ರ. ಆ ಕೆಲವಕ್ಕೂ ನೊಣ, ಜೇನು, ಕೀಟಗಳ ಸೇವೆ ಬೇಕು. ಅವನ್ನು ಕೊಂದು ಹಣ್ಣನ್ನು ಬಯಸುವುದು ಧರ್ಮದೃಷ್ಟಿಯಿಂದಲೂ ಲೋಕದೃಷ್ಟಿಯಿಂದಲೂ ಅವಿವೇಕವೇ ಸರಿ.

ಇನ್ನು ಭೋಗೋಪಭೋಗ ಪರಿಮಾಣ. ಒಮ್ಮೆ ಅನುಭವಿಸಿ ಬಿಡುವ ಆಹಾರಾದಿಗಳು ಭೋಗ. ಮರಳಿ ಮರಳಿ ಅನುಭವಿಸುವ ವಸ್ತ್ರಾದಿಗಳು ಉಪಭೋಗ. ಇವುಗಳಿಗೆ ಮಿತಿಯನ್ನು ಹಾಕಿಕೊಳ್ಳುವುದೇ ವ್ರತ. ಜೀವನಪರ್ಯಂತದ ಮಿತಿಯು ಯಮವೆಂದೂ, ದಿನ, ಪಕ್ಷ, ಮಾಸ, ಋತುಗಳ ಲೆಕ್ಕದ ಮಿತಿಯು ನಿಯಮವೆಂದೂ ಕರೆಯಲ್ಪಟ್ಟಿದೆ. ಋತುವಿನ ಅವಧಿಗೂ ನಿಯಮವನ್ನು ಕೈಕೊಳ್ಳಬಹುದೆಂಬುದು ಇಲ್ಲಿ ಗಮನಾರ್ಹ. ಕೊಯ್ದ ಹೂವನ್ನು ಈ ವಸಂತದಲ್ಲಿ ಮುಡಿಯುವುದಿಲ್ಲ, ಬಿದ್ದ ರೆಂಜೆಯನ್ನು ಮಾತ್ರ ಪೋಣಿಸುತ್ತೇನೆ ಎಂದು ಬಾಲೆಯೊಬ್ಬಳು ಸಂಕಲ್ಪಿಸಿದರೆ ಅದೂ ವ್ರತವೇ. ಫಲ ಅಲ್ಪ, ಜೀವವಿಘಾತ ಅಧಿಕವಾದ ವಸ್ತುಗಳನ್ನು ಬಿಡಬೇಕೆಂದು ಹೇಳುವಲ್ಲಿ ಸಮಂತಭದ್ರರು ಬೇವಿನ ಹೂವನ್ನೂ ಕೇದಗೆಯನ್ನೂ ಹೆಸರಿಸಿದ್ದಾರೆ. ಎರಡೂ ಸಣ್ಣ ಜಂತುಗಳಿಗೆ ಆಶ್ರಯವಾದ ಹೂಗಳು. ನಾಡೆಲ್ಲ ಯುಗಾದಿಯ ದಿನ ಬೇವುಬೆಲ್ಲ ಹಂಚುವಾಗ, ಬೇವಿನ ಹೂವನ್ನು ಬಿಟ್ಟು ಎಲೆಯನ್ನು ಮಾತ್ರ ಬಳಸುವ ಶ್ರಾವಕನು ಹಬ್ಬದ ಅರ್ಥಕ್ಕೆ ಕುಂದು ತಂದಂತಾಗುವುದಿಲ್ಲ. ಕಹಿಯು ಎಲೆಯಲ್ಲಿಯೂ ಇದೆ.

ತೋಟ ಯಾರದು?

ಇಷ್ಟಾದ ಮೇಲೆಯೂ ಒಂದು ಸೂಕ್ಷ್ಮವಾದ ದೋಷವು ಉಳಿಯುತ್ತದೆ. ಹೂವನ್ನು ಕೊಯ್ಯದೆ, ಹುಳುವನ್ನು ತುಳಿಯದೆ, ನೀರನ್ನು ಪೋಲುಮಾಡದೆ ತೋಟದಲ್ಲಿ ಕುಳಿತವನೂ 'ಇದು ನನ್ನದು' ಎಂಬ ಭಾವದಿಂದಲೇ ಅದನ್ನು ಸವಿಯುತ್ತಿರಬಹುದು. ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು, ಅಂದರೆ ಮಮತ್ವವನ್ನು ಹೆಸರಿಸಿದರು. ನೆರೆಮನೆಯ ಅಶೋಕವು ತನ್ನ ಮನೆಯದಕ್ಕಿಂತ ಚೆನ್ನಾಗಿ ಹೂಬಿಟ್ಟಾಗ ಮನಸ್ಸು ಮುದುಡುವುದಾದರೆ, ಆ ವ್ಯಕ್ತಿಯು ಸವಿಯುತ್ತಿದ್ದುದು ಹೂವನ್ನಲ್ಲ, ತನ್ನ ಒಡೆತನವನ್ನು. ಗುಣವನ್ನು ಕಂಡಲ್ಲಿ ಹಿಗ್ಗುವುದನ್ನು ಧರ್ಮವು ಪ್ರಮೋದಭಾವನೆಯೆಂದು ಕರೆದು ಮೈತ್ರಿ, ಕಾರುಣ್ಯ, ಮಾಧ್ಯಸ್ಥ್ಯಗಳ ಸಾಲಿನಲ್ಲಿ ಇರಿಸಿದೆ. ಏನನ್ನೂ ಬೇಡದ ಹಿಗ್ಗು ಧರ್ಮಕ್ಕೆ ಅಪರಿಚಿತವಲ್ಲ. ಆ ಹಿಗ್ಗಿನ ಗುರುತು ಒಂದೇ: ಚೆಲುವು ಎಲ್ಲಿದ್ದರೂ, ಯಾರದಾದರೂ, ಅದು ಸಮನಾಗಿ ಉಕ್ಕುತ್ತದೆ.

ವರ್ಷದ ಹನ್ನೊಂದು ತಿಂಗಳು ಬೀಗ ಬೀಳುವ ಹಳ್ಳಿಮನೆಗಳು ಇಂದು ಕಡಿಮೆಯಿಲ್ಲ. ಒಡೆಯನು ಹತ್ತು ದಿನಗಳ ಮಟ್ಟಿಗೆ ಬಂದು ವಸಂತವನ್ನು ಸವಿದು ಹೋಗುತ್ತಾನೆ. ಆ ವಸಂತವನ್ನು ತಂದವನು ಮಾಘದ ಬಿಸಿಲಲ್ಲಿ ನೀರುಣಿಸಿದ ಆಳು. ಅವನಿಗೆ ಕಾಲಕ್ಕೆ ಸರಿಯಾಗಿ ಕೂಲಿ ಸಂದಿದೆಯೇ, ಮೊದಲ ಹಣ್ಣಿನಲ್ಲಿ ಅವನ ಮಕ್ಕಳಿಗೂ ಪಾಲಿದೆಯೇ ಎಂಬುದನ್ನು ವಿಚಾರಿಸದೆ ತೋಟದ ಸೊಬಗನ್ನು ಕೊಂಡಾಡುವುದು ಪೂರ್ಣವಾದ ಸಂತೋಷವಲ್ಲ. ಸೇವಕರಿಗೂ ಪಶುಗಳಿಗೂ ಸಲ್ಲಬೇಕಾದ ಅನ್ನಪಾನವನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಕೆಯಾಗಿದೆ ಎಂಬುದನ್ನು ನೆನೆಯಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ಹೊರತಲ್ಲ. ಹಿಂದೆ ಬಸದಿಯ ಪ್ರಾಕಾರದಲ್ಲಿ ಸಂಪಿಗೆ, ಪಾರಿಜಾತ, ಬಕುಳಗಳಿದ್ದವು. ತಾನಾಗಿ ಉದುರಿದ ಹೂಗಳು ಬೆಳಗಿನ ನೆಲವನ್ನು ಹಾಸುತ್ತಿದ್ದವು. ಸ್ವಚ್ಛತೆಯ ಹೆಸರಿನಲ್ಲಿ ಇಂದು ಹಲವೆಡೆ ಇಂಟರ್‌ಲಾಕ್ ಹಾಸು ಗೋಡೆಯಿಂದ ಗೋಡೆಯವರೆಗೆ ಹರಡಿದೆ. ಮಳೆಯ ನೀರು ಇಂಗದು, ಬೇರಿಗೆ ಉಸಿರಿಲ್ಲ, ಬಿಸಿಲಿನಲ್ಲಿ ಬರಿಗಾಲಿನ ಮುನಿಗಳೂ ಶ್ರಾವಕರೂ ಕಾಲಿಡುವಂತಿಲ್ಲ. ಉತ್ಸವದ ರಾತ್ರಿಗಳಲ್ಲಿ ಉರಿಯುವ ಪ್ರಖರ ದೀಪಗಳ ಕೆಳಗೆ ಬೆಳಗ್ಗೆ ಗುಡಿಸಿದರೆ ಸತ್ತ ಕೀಟಗಳ ರಾಶಿಯೇ ಸಿಗುತ್ತದೆ. ರಾತ್ರಿಭೋಜನತ್ಯಾಗವನ್ನು ಬೋಧಿಸುವ ಕ್ಷೇತ್ರದಲ್ಲಿ ಈ ರಾಶಿಯು ನಾಚಿಕೆಯ ವಿಷಯವಾಗಬೇಕು. ಪೂಜೆಗೆ ಹಸಿ ಹೂವನ್ನು ಏರಿಸುವ ಸಂಪ್ರದಾಯವೂ ಉಂಟು, ಅದರ ಬದಲಿಗೆ ಕೇಸರಿ ಬಣ್ಣದ ಅಕ್ಷತೆಯನ್ನು ಅರ್ಪಿಸುವ ಸಂಪ್ರದಾಯವೂ ಉಂಟು. ಆ ವಿವಾದವನ್ನು ಇಲ್ಲಿ ಬಗೆಹರಿಸಬೇಕಾಗಿಲ್ಲ. ಬೇಕಾದಷ್ಟನ್ನೇ ಕೊಯ್ಯುವುದು, ಮೊಗ್ಗನ್ನು ಬಿಡುವುದು, ಚಪ್ಪರ ಮಂಟಪಗಳ ಶೃಂಗಾರಕ್ಕೆ ಲಾರಿಗಟ್ಟಲೆ ಹೂ ತರಿಸದಿರುವುದು ಎರಡೂ ಸಂಪ್ರದಾಯದವರಿಗೆ ಒಪ್ಪಿತವಾಗಬಲ್ಲ ಮಾತು. ನಾಲ್ಕು ಮರಗಳ ಬುಡವನ್ನು ಮಣ್ಣಾಗಿಯೇ ಉಳಿಸಿ, ಹೊತ್ತು ಮೀರಿದ ದೀಪಗಳನ್ನು ಆರಿಸಲು ಠರಾವು ಮಾಡುವುದಕ್ಕೆ ಯಾವ ದೊಡ್ಡ ದೇಣಿಗೆಯೂ ಬೇಕಾಗದು.

ಮಾಧವಿಯ ಬಳ್ಳಿ

ಮೊದಲಿನ ಪ್ರಶ್ನೆಗೆ ಮರಳಬಹುದು. ವಸಂತವನ್ನು ಸವಿಯುವುದು ದೋಷವೇ? ಮುನಿಯ ಮಟ್ಟದಲ್ಲಿ ಉತ್ತರವು ಬೇರೆಯಿರಬಹುದು. ಅಲ್ಲಿ ಪ್ರಶಸ್ತರಾಗವೂ ದಾಟಬೇಕಾದ ಹೊಳೆಯೇ. ಗೃಹಸ್ಥನ ಮಟ್ಟದಲ್ಲಿ ಹೇಳಬಹುದಾದುದಿಷ್ಟು. ನೋಡಿ ಹಿಗ್ಗುವುದು ದೋಷವಲ್ಲ, ಹಿಗ್ಗಿನ ಭರದಲ್ಲಿ ಮೈಮರೆಯುವುದು ದೋಷ. ಬಿದ್ದುದನ್ನು ಆಯ್ದುಕೊಳ್ಳುವುದು ದೋಷವಲ್ಲ, ಬೀಳಿಸುವ ಅವಸರ ದೋಷ. ತೋಟವನ್ನು ಪ್ರೀತಿಸುವುದು ದೋಷವಲ್ಲ, ಅದರಲ್ಲಿರುವ ಜೀವಗಳಿಗಿಂತ ತನ್ನ ಅನುಕೂಲವನ್ನು ಹಿರಿದೆಂದು ಎಣಿಸುವುದು ದೋಷ. ಅನುಕಂಪೆಯು ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದೆಂದು ಹೇಳಲಾಗಿದೆ. ತೋಟದಿಂದ ಹಿಂದಿರುಗಿದ ಮನಸ್ಸಿನಲ್ಲಿ ಅನುಕಂಪೆಯು ಹೆಚ್ಚಾಗಿದ್ದರೆ ಆ ಸಂತೋಷವು ಶುಭವಾದುದು. ಇನ್ನಷ್ಟು ಬೇಕೆಂಬ ಹಂಬಲ ಹೆಚ್ಚಾಗಿದ್ದರೆ ಎಚ್ಚರಗೊಳ್ಳಬೇಕು.

ಕಾರ್ಕಳದ ಬಂಡೆಯ ಮೇಲೆ 1432ರಿಂದಲೂ, ವೇಣೂರಿನಲ್ಲಿ 1604ರಿಂದಲೂ ನಿಂತಿರುವ ಬಾಹುಬಲಿಸ್ವಾಮಿಯ ಕಾಲುತೋಳುಗಳನ್ನು ಬಳ್ಳಿಯೊಂದು ಸುತ್ತಿಕೊಂಡು ಏರಿದೆ. ಪುರಾಣವು ಅದನ್ನು ಮಾಧವಿಯೆಂದು ಕರೆಯುತ್ತದೆ. ಮಾಧವಿಯು ವಸಂತದ ಬಳ್ಳಿ, ಮಾಧವವೆಂಬುದು ವೈಶಾಖದ ಹೆಸರು. ಇಪ್ಪತ್ತನಾಲ್ವರು ಕಾಮದೇವರಲ್ಲಿ ಮೊದಲನೆಯವನೆಂದು ಪರಂಪರೆಯು ಬಾಹುಬಲಿಯನ್ನು ಎಣಿಸುತ್ತದೆ. ಲೋಕವು ವಸಂತನನ್ನು ಕಾಮನ ಗೆಳೆಯನೆನ್ನುತ್ತದೆ. ಆ ಕಾಮದೇವನೇ ಇಲ್ಲಿ ಅಲುಗದೆ ನಿಂತಾಗ ವಸಂತವು ಬಂದು ಅವನನ್ನು ಆಶ್ರಯಿಸಿತು. ಅವನು ಬಳ್ಳಿಯನ್ನು ಕರೆಯಲಿಲ್ಲ, ಕಿತ್ತೊಗೆಯಲೂ ಇಲ್ಲ. ಹುತ್ತದ ಹಾವುಗಳನ್ನು ಅಟ್ಟಲಿಲ್ಲ. ಪರಿಗ್ರಹವೆಲ್ಲವನ್ನೂ ತೊರೆದ ಆ ದೇಹವು ಒಂದು ಬಳ್ಳಿಗೆ ಆಸರೆಯಾಯಿತು. ಗೃಹಸ್ಥನು ಅಷ್ಟು ಎತ್ತರಕ್ಕೆ ಏರಲಾರನು. ಆದರೆ ತನ್ನ ಅಂಗಳದ ಒಂದು ಮರದಡಿ ಸ್ವಲ್ಪ ಹೊತ್ತು ಕೈಗಳನ್ನು ಸುಮ್ಮನಿರಿಸಿ ನಿಲ್ಲಲು ಅವನಿಗೂ ಸಾಧ್ಯವಿದೆ. ಮುಂಬಯಿಗೆ ಹೊರಡುವ ದಿನ ಬೆಳಗ್ಗೆ ಹಗ್ಗದ ಈಚೆ ಮಗಳ ಕೈ ಹಿಡಿದು ನಿಂತು, ರೆಂಜೆಯ ಪೊಟರೆಯಿಂದ ಒಂದೊಂದಾಗಿ ಹೊರಡುತ್ತಿದ್ದ ತುಡುವೆಗಳನ್ನು ನೋಡುತ್ತಿದ್ದ ಆ ಮನೆಯ ಮಗನಿಗೂ ಅಷ್ಟು ಸಾಧ್ಯವಾಗಿತ್ತು.